ಐದಡಿ ಗಾಜು

ಹಲ್ಲಿನ ಡಾಕ್ಟರರಲ್ಲಿಗೆ ಹೋಗುವವರು ಹೇಳಿದ ಹೊತ್ತಿಗಿಂತ ಮೊದಲೇ ಹೋಗಿ ಕೂರಬಾರದು. ಕೂತರೆ ಒಳಗಿನ ಯಂತ್ರದ ಸದ್ದು ಕೇಳಿ, ಇರುವ ನೋವೂ ಇಲ್ಲದ ನೋವೂ ಸೇರಿ ಒಂದಾಗುತ್ತವೆ. ಕಳೆದ ತಿಂಗಳು ನಾನು ಹಾಗೆಯೇ ಮಾಡಿದೆ. ಕಾಯುವ ಕೋಣೆಯಲ್ಲಿ ರೋಗಿಗಳ ಸಮಾಧಾನಕ್ಕೆಂದು ಮೀನಿನ ದೊಡ್ಡದೊಂದು ಪೆಟ್ಟಿಗೆ ಇಟ್ಟಿದ್ದರು. ಉಳಿದವರೆಲ್ಲ ಕಿತ್ತಳೆ ಬಣ್ಣದ ಮೀನುಗಳನ್ನು ನೋಡುತ್ತಿದ್ದರು. ನಾನು ಎದ್ದು ಹೋಗಿ ಗಾಜಿನ ಅಂಚಿಗೆ ಹೆಬ್ಬೆರಳು ಇಟ್ಟು ದಪ್ಪ ಎಷ್ಟೆಂದು ನೋಡಿದೆ. ಆಮೇಲೆ ಕತ್ತನ್ನು ಎಡಕ್ಕೂ ಬಲಕ್ಕೂ ಆಡಿಸಿ, ಆಚೆ ಕಾಣುವ ಬಾಗಿಲಿನ ಚೌಕಟ್ಟು ಎಲ್ಲಾದರೂ ಸೊಟ್ಟಗಾಗುತ್ತದೋ ಎಂದು ಪರೀಕ್ಷಿಸಿದೆ. ಚೀಟಿ ಕೊಡುವ ಹುಡುಗಿಗೆ ಕನಿಕರ ಬಂದಿರಬೇಕು. "ಅಜ್ಜ, ಮೀನು ಈಚೆ ಬದಿಗೆ ಉಂಟು" ಎಂದಳು.

ಅವಳಿಗೆ ಏನೆಂದು ಹೇಳಲಿ? ಮೀನಿನ ಪೆಟ್ಟಿಗೆ ಕಂಡರೆ ನನಗೆ ಮೀನು ಕಾಣುವುದು ಕಡೆಗೆ. ಮೊದಲು ಕಾಣುವುದು ಗಾಜು. ಈ ದುರಭ್ಯಾಸ ಹತ್ತಿದ್ದು ಅರವತ್ತರ ದಶಕದ ಆರಂಭದಲ್ಲಿ, ಇದೇ ಪುತ್ತೂರಿನಲ್ಲಿ. ನಿಮಗೆ ಬಿಡುವಿದ್ದರೆ ಹೇಳುತ್ತೇನೆ. ನನ್ನನ್ನಂತೂ ಒಳಗೆ ಕರೆಯಲು ಅಂದು ಮುಕ್ಕಾಲು ಗಂಟೆ ಹಿಡಿಯಿತು.

ಆಗ ನನಗೆ ಇಪ್ಪತ್ತನಾಲ್ಕು. ಹೈಸ್ಕೂಲಿನಲ್ಲಿ ವಿಜ್ಞಾನದ ಮಾಸ್ಟ್ರು. ಬಿ.ಎಸ್ಸಿ. ಪಾಸಾಗಿ ಎರಡು ವರ್ಷವಾಗಿತ್ತು, ಜಗತ್ತಿನ ಬಹುಪಾಲು ಸಂಗತಿಗಳು ನನಗೆ ತಿಳಿದಿದ್ದವು. ತಾಲೂಕು ಕಚೇರಿಯಲ್ಲಿ ಗುಮಾಸ್ತರಾಗಿದ್ದ ಶಂಭಟ್ಟರ ಮನೆಯ ಹೊರಗಿನ ಕೋಣೆಯಲ್ಲಿ ನನ್ನ ಬಿಡಾರ. ಭಟ್ಟರಿಗೂ ಅವರ ಹೆಂಡತಿ ಶಾರದಕ್ಕನಿಗೂ ಮಕ್ಕಳಿರಲಿಲ್ಲ. ಆ ವರ್ಷ ಅವರ ಮನೆಗೆ ಭಟ್ಟರ ತಂಗಿಯ ಮಗಳು ಸುಮತಿ ಬಂದಳು. ಬಂದಳು ಎನ್ನುವುದು ಮಾತಿಗೆ. ಅವಳನ್ನು ಹೊತ್ತು ತಂದರು.

ಸುಮತಿಗೆ ಹನ್ನೊಂದು ವರ್ಷ. ಬೆನ್ನುಮೂಳೆಗೆ ಕ್ಷಯ ತಗಲಿತ್ತು. ಮಂಗಳೂರಿನ ಡಾಕ್ಟರರು ಪ್ಲಾಸ್ಟರಿನಲ್ಲಿ ತೊಟ್ಟಿಲಿನಂಥ ಒಂದು ಅಚ್ಚು ಮಾಡಿ ಅದರಲ್ಲಿ ಅವಳನ್ನು ಅಂಗಾತ ಮಲಗಿಸಿದ್ದರು. ಕಡಿಮೆಯೆಂದರೂ ಒಂದು ವರ್ಷ ಏಳುವಂತಿಲ್ಲ. ಕತ್ತನ್ನು ಮಾತ್ರ ಆಚೀಚೆ ಹೊರಳಿಸಬಹುದು. ಅವಳ ಊರು ಇಚಿಲಂಪಾಡಿ. ಅಲ್ಲಿಂದ ದಿನವೂ ಇಂಜೆಕ್ಷನ್ನಿಗೆ ಓಡಾಡುವುದು ಆಗದ ಮಾತಾದ್ದರಿಂದ ಮಾವನ ಮನೆಯ ಚಾವಡಿಯಲ್ಲಿ ಅವಳ ಮಂಚ ಹಾಕಿದರು. ಒಂದು ಬದಿಗೆ ಗೋಡೆ, ಇನ್ನೊಂದು ಬದಿಗೆ ಅಂಗಳ ಕಾಣುವ ಕಿಟಕಿ.

ಅವಳು ಅಳುವ ಮಗುವಲ್ಲ. ಪ್ರಶ್ನೆ ಕೇಳುವ ಮಗು. ನಾನು ಶಾಲೆಯಿಂದ ಬರುವುದನ್ನೇ ಕಾದು ಕೇಳುತ್ತಿದ್ದಳು. ಇರುವೆಗೆ ನಿದ್ದೆ ಉಂಟಾ? ಮಾಡಿನ ಗಾಜಿನ ಹಂಚಿನಿಂದ ಬಿದ್ದ ಬಿಸಿಲು ನಿನ್ನೆ ಕಂಬದ ಹತ್ತಿರ ಇತ್ತು, ಇವತ್ತು ಈಚೆ ಯಾಕೆ ಬಂತು? ಮೊದಮೊದಲು ನನಗೆ ಖುಷಿಯಾಗುತ್ತಿತ್ತು. ಶಾಲೆಯಲ್ಲಿ ನಲವತ್ತು ಮಂದಿ ಸೇರಿ ಕೇಳದಷ್ಟು ಪ್ರಶ್ನೆ ಇವಳೊಬ್ಬಳು ಮಲಗಿಕೊಂಡೇ ಕೇಳುತ್ತಾಳಲ್ಲ ಎಂದು. ಬರಬರುತ್ತಾ ಪ್ರಶ್ನೆಗಳು ಕಡಿಮೆಯಾದವು. ಮೂರನೆಯ ತಿಂಗಳ ಹೊತ್ತಿಗೆ ಅವಳು ಗೋಡೆಯ ಕಡೆಗೆ ಮುಖ ಮಾಡಿಯೇ ಇರುತ್ತಿದ್ದಳು. ಶಾರದಕ್ಕ ಗಂಜಿ ಕುಡಿಸಲು ಹೋದರೆ ಎರಡು ಗುಟುಕು ಕುಡಿದು ಸಾಕು ಎನ್ನುತ್ತಿದ್ದಳು.

ಒಂದು ಸಂಜೆ ಭಟ್ಟರು ಕೇಳಿದರು. "ಎಂತ ಯೋಚನೆ ಮಾಡ್ತಾ ಇದ್ದಿ ಮಗಾ?"

"ಹೊಳೆಯಲ್ಲಿ ಮೀನು ಈಗ ಎಂತ ಮಾಡ್ತಾ ಇರಬಹುದು ಅಂತ."

ಇಚಿಲಂಪಾಡಿಯಲ್ಲಿ ಅವಳ ಮನೆಯ ಕೆಳಗೇ ಹೊಳೆ. ದಿನವೂ ಬಂಡೆಯ ಮೇಲೆ ಕೂತು ಮೀನಿಗೆ ಅನ್ನದ ಅಗುಳು ಹಾಕುತ್ತಿದ್ದಳಂತೆ. ಭಟ್ಟರು ಹೊರಗೆ ಬಂದು ಅಂಗಳದಲ್ಲಿ ಅತ್ತಿತ್ತ ನಡೆದರು. ಆಮೇಲೆ ನನ್ನ ಕೋಣೆಯ ಬಾಗಿಲಲ್ಲಿ ನಿಂತು, "ಮಾಸ್ಟ್ರೇ, ಮೀನನ್ನು ಮನೆ ಒಳಗೆ ಸಾಕ್ಲಿಕ್ಕೆ ಆಗ್ತದಾ?" ಎಂದರು.

ಮೀನು ತಿನ್ನದ ಮನೆಗೆ ಮೀನು ಬರುವ ಸುದ್ದಿ ನಮ್ಮ ಬೀದಿಯಲ್ಲಿ ಎಷ್ಟು ದಿನ ಓಡಿತು ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಪಕ್ಕದ ಮನೆಯ ಅಜ್ಜಿ ಮಾತ್ರ ಬೇಲಿಯ ಹತ್ತಿರ ಬಂದು, "ಶಾರದೆ, ಡಾಕ್ಟ್ರು ತಿನ್ಲಿಕ್ಕೆ ಹೇಳಿದ್ದಾ, ಅದನ್ನಾದ್ರೂ ಹೇಳು" ಎಂದು ಗುಟ್ಟಿನಲ್ಲಿ ವಿಚಾರಿಸಿ ಹೋದರು.

ಮಲಗಿದವಳಿಗೆ ಕಾಣಬೇಕು, ಆದ್ದರಿಂದ ಪೆಟ್ಟಿಗೆ ಮಂಚದಷ್ಟೇ ಎತ್ತರದಲ್ಲಿರಬೇಕು. ಮೀನು ಒಂದು ತುದಿಯಿಂದ ಇನ್ನೊಂದು ತುದಿಗೆ ಈಜುವುದು ಕಾಣಬೇಕು, ಆದ್ದರಿಂದ ಐದಡಿ ಉದ್ದ, ನಡುವೆ ಕಬ್ಬಿಣದ ಪಟ್ಟಿ ಅಡ್ಡ ಬರಬಾರದು. ಒಂದೇ ಗಾಜು. ಎತ್ತರ ಒಂದೂವರೆ ಅಡಿ, ಅಗಲವೂ ಅಷ್ಟೇ. ಚಿತ್ರ ಬರೆದುಕೊಂಡು ಭಟ್ಟರೂ ನಾನೂ ಪೊಡಿಯಬ್ಬ ಸಾಹೇಬರ ಅಂಗಡಿಗೆ ಹೋದೆವು.

ಪೇಟೆಯಲ್ಲಿ ಅವರದು ಗಾಜು, ಕನ್ನಡಿ ಮಾರುವ, ಪಟಗಳಿಗೆ ಕಟ್ಟು ಹಾಕುವ ಅಂಗಡಿ. ಒಂದು ಗೋಡೆಗೆ ಕಟ್ಟು ಹಾಕಿಟ್ಟ ಲಕ್ಷ್ಮಿ, ಗಣಪತಿ, ಮೆಕ್ಕಾದ ಪಟ, ಯಾರದೋ ಮದುವೆಯ ಫೋಟೋ ಎಲ್ಲ ಒಟ್ಟಿಗೆ ಒರಗಿ ನಿಂತಿರುತ್ತಿದ್ದವು. ಸಾಹೇಬರಿಗೆ ಐವತ್ತು ದಾಟಿತ್ತು. ತೆಳ್ಳಗಿನ ಮನುಷ್ಯ, ಮಾತೂ ತೆಳ್ಳಗೆ. ವಜ್ರದ ಮೊನೆಯ ಕಡ್ಡಿಯಿಂದ ಗಾಜಿನ ಮೇಲೆ ಗೆರೆ ಎಳೆಯುವಾಗ ಉಸಿರು ಹಿಡಿದಿರುತ್ತಿದ್ದರು. ಆ ಸದ್ದು ರೇಷ್ಮೆ ಹರಿದ ಹಾಗೆ ಒಂದೇ ಸಮ ಬರಬೇಕು, ನಡುವೆ ತುಂಡಾದರೆ ಗಾಜು ದಾರಿ ತಪ್ಪುತ್ತದೆ ಎಂದು ನನಗೆ ಹೇಳಿಕೊಟ್ಟವರು ಅವರೇ.

ಚಿತ್ರ ನೋಡಿ ಅವರು ಕೇಳಿದ ಮೊದಲ ಪ್ರಶ್ನೆ: "ಯಾರು ನೋಡುದು?"

ಭಟ್ಟರು ಸುಮತಿಯ ವಿಷಯ ಹೇಳಿದರು.

"ಮಲಗಿಯೇ ನೋಡುದಾ? ಇಡೀ ದಿನವಾ? ಹಾಗಾದ್ರೆ ಕಿಟಕಿಯ ಗಾಜು ಆಗ್ಲಿಕ್ಕಿಲ್ಲ."

ಕಪಾಟಿನಿಂದ ಒಂದು ಹಾಳೆ ಗಾಜು ತೆಗೆದು ನನ್ನ ಮುಖದ ಮುಂದೆ ಹಿಡಿದರು. "ಆಚೆ ಲೈಟಿನ ಕಂಬ ನೋಡಿ. ನೋಡ್ತಾ ತಲೆ ಆಡಿಸಿ." ಆಡಿಸಿದೆ. ನೆಟ್ಟಗಿದ್ದ ಕಂಬ ಹಾವಿನಂತೆ ಹೊಸೆದುಕೊಂಡಿತು. "ಕಂಬ ನಡೀಬಾರ್ದು ಮಾಸ್ಟ್ರೇ. ನಮಗೆ ನಿಮಗೆ ಆದ್ರೆ ಅಡ್ಡಿಯಿಲ್ಲ. ಆ ಮಗು ದಿನವಿಡೀ ಇದರ ಮೂಲಕ ನೋಡಿದ್ರೆ ತಲೆನೋವು ಬರ್ತದೆ. ದಪ್ಪವೂ ಸಾಲುದಿಲ್ಲ. ಇದು ಒಂದು ನೂಲು, ಬೇಕಾದ್ದು ಮೂರು ನೂಲು."

ನೂಲು ಎಂದರೆ ಅಂಗುಲದ ಎಂಟನೇ ಒಂದು ಭಾಗ. ಮೂರು ನೂಲಿನ ನಯವಾದ ಗಾಜು ಪುತ್ತೂರಿನಲ್ಲಿ ಇರಲಿಲ್ಲ. ಮಂಗಳೂರಿಗೆ ಬರೆದು ಹಾಕಬೇಕು, ಬರುವುದು ಯಾವಾಗಲೋ.

ಸುಮತಿ ಗೋಡೆಯ ಕಡೆಗೆ ಮುಖ ಮಾಡಿ ಮಲಗಿದ್ದಾಳೆ; ನನಗೆ ಅವಸರ. ಮೊದಲು ನಾನು ಬಸ್ಸಿನ ಗ್ಯಾರೇಜಿಗೆ ಹೋಗಿ, ಮೂಲೆಯಲ್ಲಿ ಬಿದ್ದಿದ್ದ ಒಂದು ಬಸ್ಸಿನ ಮುಂದಿನ ಗಾಜನ್ನು ಕೇಳಿ ತಂದೆ. ದಪ್ಪ, ಚಪ್ಪಟೆ, ಕಂಬ ನಡೆಯುವುದಿಲ್ಲ. ಸ್ವಲ್ಪ ಕೊಯ್ದರೆ ಪೆಟ್ಟಿಗೆಯ ಒಂದು ಬದಿಯಾದರೂ ಆಗುತ್ತದೆ. ಸಾಹೇಬರು ಅದನ್ನು ಬೆರಳಿನಿಂದ ತಟ್ಟಿ, "ಇದು ಕೊಯ್ಯುವ ಜಾತಿ ಅಲ್ಲ" ಎಂದರು. ನಾನು ಬಿಡಲಿಲ್ಲ. ಅವರು ಅದನ್ನು ಗೋಣಿಯಲ್ಲಿ ಸುತ್ತಿ, ಒಂದು ಮೂಲೆಯನ್ನಷ್ಟೇ ಹೊರಗಿಟ್ಟು, ಗೆರೆ ಎಳೆದು ಇಕ್ಕಳದಿಂದ ಚಿವುಟಿದರು. ಗೋಣಿಯೊಳಗೆ ಇಡೀ ಗಾಜು ಒಂದೇ ಸಲಕ್ಕೆ ಕಲ್ಲುಸಕ್ಕರೆಯಾಯಿತು. "ಕಾಯಿಸಿ ಹದ ಮಾಡಿದ ಗಾಜು" ಎಂದು ಹೇಳಿ ಗುಡಿಸಲು ಹೊರಟರು.

ಇಷ್ಟಾದ ಮೇಲಾದರೂ ನಾನು ಸುಮ್ಮನಾಗಬೇಕಿತ್ತು. ಆದರೆ ನನ್ನ ಹತ್ತಿರ ಸೂತ್ರವಿತ್ತಲ್ಲ. ನೀರಿನ ಒತ್ತಡ ಆಳವನ್ನು ಅವಲಂಬಿಸುತ್ತದೆ, ಉದ್ದವನ್ನಲ್ಲ. ನಮ್ಮ ಪ್ರಯೋಗಶಾಲೆಯಲ್ಲಿ ಒಂದೂವರೆ ಅಡಿ ಎತ್ತರದ, ಒಂದಡಿ ಅಗಲದ ಒಂದು ತೊಟ್ಟಿ ಇತ್ತು. ಅದರ ಗಾಜು ಒಂದೇ ನೂಲು. ಎಷ್ಟೋ ವರ್ಷದಿಂದ ನೀರು ತುಂಬಿ ನಿಂತಿದೆ. ಅಂದಮೇಲೆ ಅಷ್ಟೇ ಆಳದ ಐದಡಿ ತೊಟ್ಟಿಗೂ ಅದೇ ಗಾಜು ಸಾಕು. ಸೀಮೆಸುಣ್ಣದಿಂದ ಸಾಹೇಬರ ಮೇಜಿನ ಮೇಲೆಯೇ ಬರೆದು ತೋರಿಸಿದೆ.

ಅವರು ಓದಲಿಲ್ಲ. ಎರಡು ಅಂಗುಲ ಅಗಲದ ಗಾಜಿನ ಪಟ್ಟಿಯೊಂದನ್ನು ಎರಡು ಮರದ ತುಂಡುಗಳ ನಡುವೆ ಸೇತುವೆಯಂತೆ ಇಟ್ಟು, "ನಡುವಿನಲ್ಲಿ ಒತ್ತಿ" ಎಂದರು. ಒತ್ತಿದೆ, ಗಟ್ಟಿಯಾಗಿತ್ತು. ಮರದ ತುಂಡುಗಳನ್ನು ದೂರ ಸರಿಸಿ ಉದ್ದದ ಪಟ್ಟಿ ಇಟ್ಟರು. ಬೆರಳು ತಾಗಿಸಿದ್ದೇ ಬಗ್ಗಿತು.

"ಅದು ಬೇರೆ ವಿಷಯ ಸಾಹೇಬ್ರೆ" ಎಂದೆ.

ಭಟ್ಟರು ನನ್ನ ಮುಖ, ಅವರ ಮುಖ ನೋಡಿದರು. "ಮಾಸ್ಟ್ರು ಓದಿದವ್ರಲ್ಲ" ಎಂದರು ಕಡೆಗೆ. ಸಾಹೇಬರು ಇದ್ದುದರಲ್ಲಿ ಕಂಬ ಕಡಿಮೆ ನಡೆಯುವ ಹಾಳೆಗಳನ್ನು ಆರಿಸತೊಡಗಿದರು. "ಆಯ್ತು. ಒಂದೇ ಮಾತು. ತುಂಬಿಸಿ ಎಂಟು ದಿನ ಅಂಗಳದಲ್ಲಿ ಇಡುದು. ಎಂಟು ದಿನ ಆಗದೆ ಮನೆ ಒಳಗೆ ಇಡ್ಲಿಕ್ಕೆ ನನ್ನ ಜನ ಬರುದಿಲ್ಲ."

ಗ್ಯಾರೇಜಿನಲ್ಲಿ ಕಬ್ಬಿಣದ ಚೌಕಟ್ಟು ಬೆಸೆದು ತಂದರು. ಅಗಸೆ ಎಣ್ಣೆಯಲ್ಲಿ ಸೀಮೆಸುಣ್ಣದ ಪುಡಿ ನಾದಿದ ಪುಟ್ಟಿಯಿಂದ ಸಾಹೇಬರೇ ಗಾಜು ಕೂರಿಸಿದರು. ಅಂಗಳದಲ್ಲಿ, ಸುಮತಿಯ ಕಿಟಕಿಗೆ ಕಾಣುವ ಹಾಗೆ ಇಟ್ಟು ಬಾವಿಯ ನೀರು ತುಂಬಿಸಿದೆವು. ಒಳಗಿದ್ದದ್ದು ಐದು ಜನ ಗಂಡಸರ ತೂಕದಷ್ಟು ನೀರು. ಒಂದು ಹನಿ ಸೋರಲಿಲ್ಲ. ಸುಮತಿ ಈ ಕಡೆಗೆ ಮುಖ ತಿರುಗಿಸಿದ್ದಳು. ಎರಡು ದಿನ ಕಳೆಯಿತು, ಮೂರು ಕಳೆಯಿತು. ನಾನು ಅಂಗಡಿಗೆ ಹೋಗಿ, "ಇನ್ನು ಒಳಗೆ ಇಡುವ ಸಾಹೇಬ್ರೆ, ಮಗು ಕಾಯ್ತಾ ಉಂಟು" ಎಂದೆ.

"ಎಂಟು ದಿನ ಅಂದ್ರೆ ಎಂಟು ದಿನ ಮಾಸ್ಟ್ರೇ."

ಹಠಮಾರಿ ಮುದುಕ ಎಂದುಕೊಂಡು ಮನೆಗೆ ಬಂದೆ. ಭಟ್ಟರ ಹತ್ತಿರವೂ ಹಾಗೆಯೇ ಹೇಳಿದೆ, ನಾಲ್ಕು ಆಳು ಸಿಕ್ಕಿದರೆ ನಾವೇ ಎತ್ತಿ ಇಡೋಣ ಎಂದೂ ಹೇಳಿದೆ. ಅದೃಷ್ಟಕ್ಕೆ ಆಳು ಸಿಗಲಿಲ್ಲ.

ಐದನೆಯ ದಿನ ಭಾನುವಾರ, ಮಧ್ಯಾಹ್ನದ ಊಟಕ್ಕೆ ಕೂತಿದ್ದೆವು. ಹೊರಗೆ ತೆಂಗಿನ ಒಣ ಮಡಲು ಮುರಿದಂಥ ಸದ್ದು, ಅದರ ಬೆನ್ನಿಗೇ ನೀರು ಅಂಗಳಕ್ಕೆ ಅಪ್ಪಳಿಸಿದ ಸದ್ದು. ಓಡಿ ಬಂದು ನೋಡಿದರೆ ಮುಂದಿನ ಗಾಜು ನಡುವಿನಲ್ಲೇ ಒಡೆದಿತ್ತು. ನೀರಿನೊಂದಿಗೆ ಬಂದ ತುಂಡುಗಳು ಅಂಗಳದಲ್ಲಿ ಬಿದ್ದಿದ್ದವು. ಅದರಲ್ಲಿ ಒಂದು, ಕತ್ತಿಯ ಆಕಾರದ್ದು, ನನ್ನ ತೋಳಿಗಿಂತ ಉದ್ದ.

ಸುದ್ದಿ ತಿಳಿದು ಸಾಹೇಬರು ಬಂದರು. ತುಂಡುಗಳನ್ನು ಹೆಕ್ಕುವ ಮೊದಲು, "ಮಂಚ ಎಷ್ಟು ದೂರ ಇರ್ತಿತ್ತು?" ಎಂದರು. ಭಟ್ಟರು ಕೈಯಲ್ಲಿ ತೋರಿಸಿದರು, ಎರಡು ಮೊಳ. ಸಾಹೇಬರು ಚೌಕಟ್ಟಿನಿಂದ ಎರಡು ಮೊಳ ಅಳೆದರು. ಆ ಉದ್ದದ ತುಂಡು ಬಿದ್ದದ್ದು ಅದಕ್ಕಿಂತಲೂ ಆಚೆ. ಏಳಲಾಗದ ಮಗುವಿನ ಪಕ್ಕದಲ್ಲಿ ಅದನ್ನು ಇಡಲು ಎರಡು ದಿನದ ಹಿಂದೆ ಆಳು ಹುಡುಕಿದವನು ನಾನು. ಶಾರದಕ್ಕ ಒಳಗೆ ಹೋಗಿ ಸುಮತಿಯ ತಲೆಯ ಮೇಲೆ ಕೈಯಿಟ್ಟು ಕೂತುಬಿಟ್ಟರು.

ಆಗ ನಾನು ಒಂದು ಮಾತು ಹೇಳಿದೆ. "ಲೆಕ್ಕ ಸರಿಯೇ ಇತ್ತು. ಗಾಜಿನಲ್ಲಿ ಏನೋ ದೋಷ ಇದ್ದಿರಬೇಕು."

ಭಟ್ಟರು ಸಾಹೇಬರನ್ನು ನೋಡಿದರು. ಸಾಹೇಬರು ಬಗ್ಗಿ ತುಂಡು ಹೆಕ್ಕುತ್ತಿದ್ದವರು ತಲೆ ಎತ್ತದೆ, "ಇದ್ದಿರಬಹುದು" ಎಂದರು.

ಊಟ ಯಾರಿಗೂ ಸೇರಲಿಲ್ಲ. ಸುಮತಿ ಮಾತ್ರ, "ಒಳಗೆ ಮೀನು ಇರ್ಲಿಲ್ಲ ಅಲ್ವಾ?" ಎಂದು ವಿಚಾರಿಸಿ ಸಮಾಧಾನ ಮಾಡಿಕೊಂಡಳು. ಮಾರನೆಯ ದಿನ ಶಾಲೆಯಿಂದ ಬಂದಾಗ, ಬಹಳ ದಿನಗಳ ಮೇಲೆ, ಅವಳ ಪ್ರಶ್ನೆ ಕಾದಿತ್ತು.

"ಮಾಸ್ಟ್ರೇ, ಆ ಲೆಕ್ಕ ನನಗೆ ತೋರಿಸಿ."

ಸ್ಲೇಟನ್ನು ಅವಳ ಮುಖದ ಮೇಲೆ ಎತ್ತಿ ಹಿಡಿದು ಬರೆದೆ. ಆಳಕ್ಕೆ ಇಷ್ಟು ಒತ್ತಡ, ಉದ್ದ ಎಷ್ಟಾದರೂ ಅದೇ ಒತ್ತಡ. ಅವಳು ಯೋಚಿಸಿ, "ಒಂದಡಿ ಗಾಜನ್ನು ನೀರು ದೂಡುದು ಎಷ್ಟು ಭಾರದಲ್ಲಿ?" ಎಂದಳು. ಗುಣಿಸಿದೆ. "ಐದಡಿ ಗಾಜನ್ನು?" ಅದನ್ನೂ ಗುಣಿಸಿದೆ. ಎರಡೂವರೆ ಜನ ದೊಡ್ಡವರು ಒರಗಿ ನಿಂತಷ್ಟು ಭಾರ ಬಂತು.

"ಎರಡೂವರೆ ಜನ ಆ ಕಿಟಕಿ ಗಾಜಿಗೆ ಒರಗಿದ್ರೆ ಎಂತ ಆಗ್ತದೆ?"

ನಾನು ಸ್ಲೇಟು ಕೆಳಗಿಳಿಸಿದೆ. ಅವಳು ಕಿಟಕಿಯಾಚೆ ನೋಡುತ್ತಾ ಹೇಳಿದಳು. "ಅತ್ತೆ ಬಟ್ಟೆ ಒಣಗಿಸುವ ಬಿದಿರು ಉಂಟಲ್ಲ, ಅದು ಬಗ್ಗುದು ನಡುವಿನಲ್ಲಿ. ಗಿಡ್ಡ ಬಿದಿರು ಬಗ್ಗುದಿಲ್ಲ."

ಸೂತ್ರ ಸುಳ್ಳಲ್ಲ. ಅದು ನೀರಿನ ವಿಷಯ ಹೇಳುತ್ತದೆ, ಗಾಜಿನ ವಿಷಯ ಹೇಳುವುದಿಲ್ಲ. ಇದು ಸಾಹೇಬರ ಗಾಜಿನ ಪಟ್ಟಿ ನನ್ನ ಬೆರಳಿಗೆ ಹೇಳಿದ ಮಾತೇ. "ತಪ್ಪಿದ್ದು ನಾನು" ಎಂದೆ.

"ಅವರಿಗೆ ಹೇಳಿದ್ರಾ?"

ಹೇಳುವುದಕ್ಕೆ ಮತ್ತೆರಡು ದಿನ ಬೇಕಾಯಿತು. ಅಂಗಡಿಯ ತನಕ ಹೋಗಿ, ಒಳಗೆ ಗಿರಾಕಿ ಇದ್ದಾರೆಂದು ಒಂದು ಸಲ ವಾಪಸು ಬಂದೆ. ಎರಡನೆಯ ಸಲ ಭಟ್ಟರನ್ನು ಜೊತೆಗೆ ಕರೆದುಕೊಂಡು ಹೋಗಿ, ಅವರ ಎದುರಿನಲ್ಲೇ ಹೇಳಿದೆ. "ಸಾಹೇಬ್ರೆ, ನಿಮ್ಮ ಗಾಜು ಸರಿ ಇತ್ತು. ನನ್ನ ಲೆಕ್ಕ ತಪ್ಪು. ಅವತ್ತು ನಾನು ಸುಳ್ಳು ಹೇಳಿದೆ."

"ನಿಮ್ಮ ಲೆಕ್ಕ ನನಗೆ ಅರ್ಥ ಆಗುದಿಲ್ಲ ಮಾಸ್ಟ್ರೇ" ಎಂದರು ಸಾಹೇಬರು. "ಕೂತ್ಕೊಳ್ಳಿ. ಚಾ ಹೇಳ್ತೇನೆ."

ಚಾ ಕುಡಿದ ಮೇಲೆ ಹಿಂದಿನ ಕೋಣೆಗೆ ಕರೆದರು. ಗೋಣಿ ಸರಿಸಿದಾಗ ಕಂಡದ್ದು ನಾವು ಮೂವರೇ. ಗೋಡೆಯುದ್ದದ ಒಂದು ಕನ್ನಡಿ. ಸುಳ್ಯದಲ್ಲಿ ಮುಚ್ಚಿದ ಕ್ಷೌರದಂಗಡಿಯದಂತೆ. ಐದೂವರೆ ಅಡಿ ಉದ್ದ, ಮೂರು ನೂಲು ದಪ್ಪ. "ಕನ್ನಡಿಯ ಗಾಜಿನಲ್ಲಿ ಕಂಬ ನಡೀಲಿಕ್ಕಿಲ್ಲ. ನಡೆದ್ರೆ ಮುಖ ಸೊಟ್ಟ ಕಾಣ್ತದೆ, ಕ್ಷೌರದವನಿಗೆ ಗಿರಾಕಿ ಬರುದಿಲ್ಲ. ಆದ್ರೆ ಹಿಂದಿನ ಬೆಳ್ಳಿ ಹೋಗ್ಬೇಕು. ಕೆರೆದ್ರೆ ಗೀರು ಬೀಳ್ತದೆ. ಅದು ಹೇಗೆ ಅಂತ ನೀವು ಹೇಳಿ."

ಅಷ್ಟು ದಿನದಲ್ಲಿ ನನಗೆ ಗೊತ್ತಿದ್ದ ಒಂದು ಸಂಗತಿ ಉಪಯೋಗಕ್ಕೆ ಬಂತು. ಹೆಡ್‌ಮಾಸ್ಟರರ ಅಪ್ಪಣೆ ಕೇಳಿ ಶಾಲೆಯಿಂದ ಸ್ವಲ್ಪ ನೈಟ್ರಿಕ್ ಆಮ್ಲ ತಂದು, ನೀರು ಬೆರೆಸಿ ತೆಳ್ಳಗೆ ಮಾಡಿದೆ. ಹಿಂದಿನ ಬಣ್ಣವನ್ನು ಒಗೆಯುವ ಸೋಡಾದ ನೀರಿನಲ್ಲಿ ನೆನೆಸಿ ಬಟ್ಟೆಯಿಂದ ಉಜ್ಜಿ ತೆಗೆದ ಮೇಲೆ ಆಮ್ಲ ಸವರಿದೆವು. ಬೆಳ್ಳಿ ಮೋಡ ಚದುರಿದ ಹಾಗೆ ಅಲ್ಲಲ್ಲಿ ಕರಗಿತು. ಕನ್ನಡಿಯಲ್ಲಿ ನನ್ನ ಗಲ್ಲ ಹೋಗಿ ಅಲ್ಲಿ ಸಾಹೇಬರ ಲುಂಗಿಯ ಚೌಕಳಿ ಕಂಡಿತು. ಆಮೇಲೆ ಹಣೆ ಹೋಯಿತು. ಕಾಲು ಗಂಟೆಯಲ್ಲಿ ನಾನು ಪೂರ್ತಿ ಇಲ್ಲವಾಗಿ, ಆಚೆ ಕೂತಿದ್ದ ಸಾಹೇಬರು ಪೂರ್ತಿ ಕಂಡರು. ಅವರು ಹಾಗೆ ನಕ್ಕದ್ದನ್ನು ನಾನು ಅದೊಂದೇ ಸಲ ನೋಡಿದ್ದು.

ಉಳಿದ ಬದಿಗಳಿಗೆ ಗಾಜು ಯಾಕೆ, ನೋಡುವುದು ಒಂದೇ ಕಡೆಯಿಂದ ಎಂದು ಅವರು ಹಿಂದಕ್ಕೂ ಅಡಿಗೂ ಎರಡು ತುದಿಗಳಿಗೂ ಕರಿಕಲ್ಲಿನ ಚಪ್ಪಡಿ ಕೂರಿಸಿದರು. ನೀರಿಗೆ ಬೆಳಕು ಬೀಳಲೆಂದು ಚಾವಡಿಯ ಮಾಡಿನಲ್ಲಿ ಪೆಟ್ಟಿಗೆಯ ನೇರಕ್ಕೆ ಎರಡು ಗಾಜಿನ ಹಂಚು ಹಾಕಿಸಿದೆವು. ಈ ಸಲ ಅಂಗಳದಲ್ಲಿ ಹದಿನೈದು ದಿನ ಎಂದರು. ಇಪ್ಪತ್ತು ಇಡೋಣ ಎಂದೆ.

ಮೀನು ತಂದವರು ಸುಮತಿಯ ಅಪ್ಪ. ಇಚಿಲಂಪಾಡಿಯಿಂದ ಹೊಳೆಯ ನೀರು ತುಂಬಿದ ಹಿತ್ತಾಳೆ ಕೊಡಪಾನವನ್ನು ಬಸ್ಸಿನಲ್ಲಿ ಮಡಿಲಿನಲ್ಲಿಟ್ಟುಕೊಂಡು ಬಂದರು. ಕಂಡಕ್ಟರನಿಗೂ ಅವರಿಗೂ ಆದ ಮಾತನ್ನು ಅವರೇ ಹೇಳಿದರು.

"ಭಟ್ರೆ, ಮೀನು ಯಾರಿಗೆ?"

"ಮಗಳಿಗೆ."

"ತಿನ್ಲಿಕ್ಕಾ?"

"ಅಲ್ಲ. ನೋಡ್ಲಿಕ್ಕೆ."

ಕಂಡಕ್ಟರ್ ತಿರುವುಗಳಲ್ಲಿ ಬಸ್ಸು ನಿಧಾನ ಹೋಗಲಿ ಎಂದು ಡ್ರೈವರನಿಗೆ ಕೂಗಿ ಹೇಳಿದನಂತೆ. ಹನ್ನೆರಡರಲ್ಲಿ ಒಂಬತ್ತು ಉಳಿದವು. ಬೆರಳುದ್ದದವು, ಬಾಲದ ಹತ್ತಿರ ಕಪ್ಪು ಬೊಟ್ಟು.

ಪೆಟ್ಟಿಗೆಯನ್ನು ಚಾವಡಿಯಲ್ಲಿಟ್ಟು ಮೀನು ಬಿಟ್ಟಾಗ ಸುಮತಿಯ ಕಣ್ಣು ಅವುಗಳ ಹಿಂದೆಯೇ ಆ ತುದಿಯಿಂದ ಈ ತುದಿಗೆ ಓಡಾಡಿತು. ಸಾಹೇಬರು ಬಾಗಿಲ ಹತ್ತಿರ ನಿಂತು, "ಮೀನು ಉದ್ದ ಗಿಡ್ಡ ಆಗ್ತದಾ ಮಗಳೇ?" ಎಂದು ಕೇಳಿದರು. ಅವಳು ಕಣ್ಣು ತೆಗೆಯದೆ ಇಲ್ಲ ಎಂದಳು. ಮರುದಿನ ಶಾರದಕ್ಕ ಒಂದು ತುದಿಯಿಂದ ಹೊಸ ನೀರು ಹೊಯ್ಯುವಾಗ ಒಂಬತ್ತು ಮೀನೂ ಆ ಕಡೆಗೆ ತಲೆ ತಿರುಗಿಸಿ ನಿಂತವು. "ಅವಕ್ಕೆ ಹೊಳೆ ಎಲ್ಲಿಂದ ಬರ್ತದೆ ಅಂತ ಗೊತ್ತುಂಟು" ಎಂದಳು. ಆ ದಿನ ಗಂಜಿ ಪೂರ್ತಿ ಕುಡಿದಳು.

ಅವಳು ಎದ್ದದ್ದು ಹದಿನಾಲ್ಕು ತಿಂಗಳ ಮೇಲೆ. ಬೆನ್ನಿಗೆ ಪಟ್ಟಿ ಕಟ್ಟಿಕೊಂಡು, ಮಾವನ ಕೈ ಹಿಡಿದು ಮೊದಲ ಹೆಜ್ಜೆ ಇಟ್ಟದ್ದು ಪೆಟ್ಟಿಗೆಯ ಕಡೆಗೆ. ಬಗ್ಗಲಾರದೆ ಮೇಲಿನಿಂದ ನೋಡಿ, "ಇಲ್ಲಿಂದ ನೋಡಿದ್ರೆ ಎಲ್ಲ ಒಂದೇ ಥರ ಕಪ್ಪು" ಎಂದು ಬೇಸರ ಮಾಡಿಕೊಂಡಳು. ಊರಿಗೆ ಹೋಗುವಾಗ ಮೀನುಗಳನ್ನೂ ಕೊಡಪಾನದಲ್ಲಿ ಕೊಂಡುಹೋಗಿ ಹೊಳೆಗೆ ಬಿಟ್ಟಳು. ಮುಂದೆ ಓದಿ, ಸುಳ್ಯದ ಕಡೆ ಗಣಿತದ ಟೀಚರಾಗಿ ನಿವೃತ್ತಳಾದಳು. ಪೊಡಿಯಬ್ಬ ಸಾಹೇಬರು ತೀರಿಹೋಗಿ ನಲವತ್ತು ವರ್ಷದ ಮೇಲಾಯಿತು.

ಈ ಕಥೆಯನ್ನು ನಾನು ಪ್ರತಿವರ್ಷ ಒತ್ತಡದ ಪಾಠ ಮಾಡುವಾಗ ತರಗತಿಯಲ್ಲಿ ಹೇಳುತ್ತಿದ್ದೆ. ನನ್ನ ತಪ್ಪನ್ನು ಮುಚ್ಚಿಡದೆ ಹೇಳುತ್ತಿದ್ದೆ ಎಂಬ ಹೆಮ್ಮೆಯೂ ಇತ್ತು. ಕೊನೆಗೆ ಒಂದು ನೀತಿ: ತಪ್ಪು ಒಪ್ಪಿಕೊಂಡದ್ದರಿಂದ ಆ ಹಿರಿಯರ ಮನಸ್ಸು ಕರಗಿತು, ಅವರು ಸುಳ್ಯದವರೆಗೆ ಹೋಗಿ ಒಳ್ಳೆಯ ಗಾಜು ಹುಡುಕಿ ತಂದರು. ಮಕ್ಕಳು ಬರೆದುಕೊಳ್ಳುತ್ತಿದ್ದರು.

ಇಲ್ಲಿಯವರೆಗೆ ಬರೆದದ್ದನ್ನು ಸುಮತಿಗೆ ಫೋನು ಮಾಡಿ ಓದಿ ಹೇಳಿದೆ. ಅವಳಿಗೂ ಈಗ ಎಪ್ಪತ್ತು ದಾಟಿದೆ. ಕೊನೆಯ ನೀತಿಯನ್ನೂ ಓದಿದೆ.

"ಅದು ಹಾಗಲ್ಲ ಮಾಸ್ಟ್ರೇ" ಎಂದಳು. "ಪೆಟ್ಟಿಗೆ ಅಂಗಳದಲ್ಲಿ ಇದ್ದಾಗ ಸಾಹೇಬ್ರು ದಿನಾ ಮಧ್ಯಾಹ್ನ ಬರ್ತಿದ್ರು. ನೀವು ಶಾಲೆಯಲ್ಲಿ, ಮಾವ ಕಚೇರಿಯಲ್ಲಿ. ಗಾಜಿಗೆ ಅಂಗೈ ಇಟ್ಟು ನೋಡಿ ಹೋಗುದು. ಎರಡನೇ ದಿನ ಕಿಟಕಿ ಹತ್ತಿರ ಬಂದು ನನ್ನ ಕಣ್ಣಿನ ಎತ್ತರಕ್ಕೆ ದಾರ ಹಿಡಿದು ಅಳತೆ ತೆಗೆದ್ರು. ಸುಳ್ಯದಿಂದ ಒಂದು ಕನ್ನಡಿ ಬರ್ತಾ ಉಂಟು, ಇದು ನಿಲ್ಲುವ ಗಾಜಲ್ಲ ಮಗಳೇ, ಸ್ವಲ್ಪ ದಿನ ಕಾಯ್ತಿಯಾ ಅಂತ ಕೇಳಿದ್ರು. ಕಾಯ್ತೇನೆ ಅಂದೆ."

ಒಡೆದದ್ದು ಐದನೆಯ ದಿನ. ಕನ್ನಡಿ ಹೊರಟದ್ದು ಎರಡನೆಯ ದಿನ.

"ನನಗೆ ಇಷ್ಟು ವರ್ಷ ಯಾಕೆ ಹೇಳಲಿಲ್ಲ?" ಎಂದೆ.

"ಅವರು ಹೇಳ್ಬೇಡ ಅಂದಿದ್ರು. ಮಾಸ್ಟ್ರಿಗೆ ಬೇಜಾರಾಗ್ತದೆ, ಸಣ್ಣ ಪ್ರಾಯ, ತಪ್ಪನ್ನು ಅವರಾಗಿಯೇ ನೋಡ್ಲಿ ಅಂತ."